ಅಮ್ಮಣ್ಣಿಯವರ ನಾಣ್ಯದ ಮಣೆ

“ಸಿರಿಕೋಟೆಯ ಪ್ರಜೆಗಳು ಕೇಳತಕ್ಕದ್ದು. ಅರಸುಕುವರಿ ನೀಲಾಜಮ್ಮಣ್ಣಿಯವರು ಕೇಳುವ ಮೂರು ಒಗಟುಗಳನ್ನು ಬಿಡಿಸಿದವನು ಯಾವ ಕುಲದವನೇ ಆಗಿರಲಿ, ಅವರ ಕೈಹಿಡಿದು ಅರ್ಧ ರಾಜ್ಯವನ್ನು ಪಡೆಯುವನು. ಒಂದರಲ್ಲಿ ತಪ್ಪಿದರೂ ಬರುವ ಅಮಾವಾಸ್ಯೆಗೆ ಅವನ ತಲೆ ಹೋಗುವುದು.”

ಕೊನೆಯ ಮಾತನ್ನು ಸಾರುವಾಗ ಡಂಗುರದವನ ನಾಲಿಗೆಯೇ ತಡವರಿಸಿತು. ಸಂತೆಯಲ್ಲಿ ನಿಂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅರಮನೆಯೊಳಗೆ ಅಮ್ಮಣ್ಣಿಗೂ ಅಷ್ಟೇ ಗಾಬರಿಯಾಗಿತ್ತು. ಒಗಟುಗಳು ಅವಳವು, ತಲೆ ತೆಗೆಯುವ ಮಾತು ಅರಸನದು.

ಅಮ್ಮಣ್ಣಿಗೆ ಹಳೆಯ ನಾಣ್ಯಗಳೆಂದರೆ ಪ್ರಾಣ. ತೇಗದ ಮಣೆಯೊಂದರಲ್ಲಿ ಗುಳಿಗಳನ್ನು ಕೊರೆಸಿ, ಗುಳಿಗೊಂದರಂತೆ ಅವನ್ನು ಇಟ್ಟುಕೊಂಡಿದ್ದಳು. ನೋಡಲು ಬಂದ ವರರೆಲ್ಲ ಮಣೆಯನ್ನು ಕಂಡೊಡನೆ, ಕರಗಿಸಿದರೆ ಎಷ್ಟು ತೂಗುತ್ತದೆ ಎಂದೇ ಕೇಳಿದರು. ಇವನ್ನು ನಾನೇಕೆ ಇಟ್ಟುಕೊಂಡಿದ್ದೇನೆಂದು ತಿಳಿದವನನ್ನಲ್ಲದೆ ಬೇರೆಯವರನ್ನು ವರಿಸುವುದಿಲ್ಲವೆಂದು ಅವಳು ಹಟ ಹಿಡಿದಳು. ಸಿಟ್ಟಿಗೆದ್ದ ಅರಸ, ಮೂರ್ಖರಾದರೂ ದೂರ ಉಳಿಯಲಿ ಎಂದು ಆ ಶಿಕ್ಷೆಯನ್ನು ಸೇರಿಸಿದ. ಮಗಳು ಕಾಲಿಗೆ ಬಿದ್ದು ಬೇಡಿಕೊಂಡರೂ, ಸಾರಿದ ಮಾತು ಹಿಂದಕ್ಕೆ ಬಾರದೆಂದುಬಿಟ್ಟ.

ಮೂರ್ಖರು ದೂರ ಉಳಿಯಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು, ಉಳಿದವರನ್ನು ಹೊರಗಿನ ಅಂಗಳದಲ್ಲಿ ಕಾಯಿಸಲಾಯಿತು. ಮೊದಲ ಒಗಟು ಹೀಗಿತ್ತು: “ಊರೆಲ್ಲ ಕೈಗೆತ್ತಿಕೊಂಡಾಗ ಅದು ಯಾರಿಗೂ ಪ್ರಿಯವಲ್ಲ. ಊರೆಲ್ಲ ಕೈಬಿಟ್ಟ ಮೇಲೆ ಒಬ್ಬರಿಗೆ ಅದೇ ಜೀವ. ಅದು ಯಾವುದು?”

ಶೆಟ್ಟರ ಮಗನೊಬ್ಬ “ಮುದಿ ಮಂತ್ರಿ” ಎಂದ. ಸಭೆ ಗೊಳ್ಳೆಂದು ನಕ್ಕಿತು. ಕಾವಲಿನವರು ಅವನ ರಟ್ಟೆ ಹಿಡಿದಾಗ ಆ ನಗು ಗಂಟಲಲ್ಲೇ ಸತ್ತಿತು. ದೋಣಿ ನಡೆಸುವ ಅಂಬಿಗರ ಕೆಂಚಯ್ಯ ತನ್ನ ಅಂದಚಂದವನ್ನೇ ನಂಬಿ ಬಂದಿದ್ದ. ಅವನು “ಉಳುಮೆ ಬಿಟ್ಟ ಎತ್ತು” ಎಂದು ಸೆರೆಮನೆ ಸೇರಿದ.

ಮಂತ್ರಿಯ ಮಗ ಪ್ರತಾಪರುದ್ರ ಚುರುಕಾದವನು. ಮೊದಲನೆಯದನ್ನು ಸರಿಯಾಗಿಯೇ ಬಿಡಿಸಿದ. ಅಮ್ಮಣ್ಣಿ ಹಸಿರುಗಟ್ಟಿದ ತಾಮ್ರದ ನಾಣ್ಯವೊಂದನ್ನು ಅವನ ಕೈಗಿತ್ತು, ನೀರೂ ಮಣ್ಣೂ ಸೇರಿ ಇದಕ್ಕೆ ತೊಡಿಸಿದ, ಯಾವ ಅಕ್ಕಸಾಲಿಗನೂ ಮಾಡಿಕೊಡಲಾರದ ಒಡವೆ ಯಾವುದು ಎಂದು ಕೇಳಿದಳು. ಒಡವೆ ಕೊಳೆಯ ಕೆಳಗೆ ಅಡಗಿದೆಯೆಂದು ಬಗೆದ ಪ್ರತಾಪರುದ್ರ, ಹುಣಸೆಹಣ್ಣೂ ಬೂದಿಯೂ ತರಿಸಿ ಅಲ್ಲಿಯೇ ಉಜ್ಜತೊಡಗಿದ. ಅಮ್ಮಣ್ಣಿ ಎದ್ದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಪ್ರತಾಪರುದ್ರ ಅದನ್ನು ಎತ್ತಿ ಹಿಡಿದು, “ನೋಡಿ, ಹೊಸದರಂತಿದೆ. ಈ ಹೊಳಪೇ ಒಡವೆ” ಎಂದ.

ಅಮ್ಮಣ್ಣಿಯ ಮುಖ ಬಿಳಿಚಿಕೊಂಡಿತು. ಹೆತ್ತ ಮಗುವಿಗೆ ಕುದಿನೀರು ಸುರಿದದ್ದನ್ನು ಕಂಡವಳಂತೆ ನಿಂತಿದ್ದಳು. ಮಗನನ್ನು ಎಳೆದೊಯ್ಯುವಾಗ ಮಂತ್ರಿ ಆಸನದಿಂದ ಕುಸಿದು ಬಿದ್ದ.

ಆಮೇಲೆ ಒಳಗೆ ಬಂದವನು ಕೆಂಚಯ್ಯನ ತಮ್ಮ ಬೋರಯ್ಯ. ಕಾಲಲ್ಲಿ ನದಿಯ ಕೆಸರು ಹಾಗೆಯೇ ಇತ್ತು. ರಾಜ್ಯವಾಗಲಿ ರಾಜಕುಮಾರಿಯಾಗಲಿ ಅವನಿಗೆ ಬೇಕಿರಲಿಲ್ಲ. ಗೆದ್ದರೆ ಅರ್ಧ ರಾಜ್ಯದ ಬದಲು ಅಣ್ಣನ ಪ್ರಾಣ ಕೇಳಬಹುದೆಂದು ಬಂದಿದ್ದ. ನೆರೆ ಇಳಿದ ಮೇಲೆ ಮರಳಿನಲ್ಲಿ ಸಿಗುವ ಹಳೆಯ ನಾಣ್ಯಗಳನ್ನು ಆಯ್ದು ಅಳಗುಳಿ ಮಣೆಯಲ್ಲಿ ಜೋಡಿಸಿಡುವ ಹುಚ್ಚು ಅವನಿಗಿತ್ತು. ಉಪ್ಪೂ ತಾರದ ದುಡ್ಡಿನ ಧಣಿಯೆಂದು ಕೇರಿಯವರು ಅವನನ್ನು ಹಂಗಿಸುತ್ತಿದ್ದರು.

ಮೊದಲ ಒಗಟನ್ನು ಕೇಳಿ ಅವನು ಸೊಂಟದಿಂದ ಸವೆದ ನಾಣ್ಯವೊಂದನ್ನು ತೆಗೆದು ಸುಮ್ಮನೆ ನೆಲದ ಮೇಲಿಟ್ಟ. ಅಮ್ಮಣ್ಣಿ ತಲೆಯಾಡಿಸಿದಳು. ಎರಡನೆಯದಕ್ಕೆಂದು ಅವಳು ಆ ಉಜ್ಜಿದ ನಾಣ್ಯವನ್ನೇ ಕೊಡಬೇಕಾಯಿತು. ಅವಳು ಒಗಟನ್ನು ಹೇಳಲು ಬಾಯಿ ತೆರೆಯುವ ಮೊದಲೇ ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅರಸನ ಮುಂದೆ ನಿಂತಿದ್ದೇನೆಂಬುದನ್ನೂ ಅವನು ಮರೆತ.

“ಯಾರು ಇದನ್ನು ಸುಲಿದವರು? ಬದುಕಿರುವಾಗಲೇ ಚರ್ಮ ಸುಲಿದಿದ್ದಾರಲ್ಲ!”

ಆಸ್ಥಾನದಲ್ಲಿ ಯಾರೂ ಆ ದನಿಯಲ್ಲಿ ಮಾತನಾಡಿದ್ದಿಲ್ಲ. ಕಾವಲಿನವನು ಕತ್ತಿಗೆ ಕೈಹಾಕಿದ. ಅಮ್ಮಣ್ಣಿ ಅವನನ್ನು ತಡೆದು, ಒಡವೆಯ ಒಗಟನ್ನು ಬೋರಯ್ಯನಿಗೆ ಹೇಳಿ, ಇದನ್ನು ನೀನು ಆಗಲೇ ಬಿಡಿಸಿದಂತಾಯಿತು ಎಂದಳು.

ಮೂರನೆಯದನ್ನು ಅವಳು ಮೆಲ್ಲಗೆ ಕೇಳಿದಳು. “ನನ್ನ ಮಣೆಯಲ್ಲಿ ದಿನವೂ ಮೊದಲು ನೋಡುವುದು ಒಂದಿದೆ. ಅದಕ್ಕೆ ತೂಕವಿಲ್ಲ, ಬೆಲೆಯಿಲ್ಲ. ಕಳ್ಳ ಬಂದರೂ ಬಿಟ್ಟು ಹೋಗುತ್ತಾನೆ. ಅದು ಯಾವುದು?”

ಬೋರಯ್ಯ ಬಗ್ಗಿ, ನೆಲದ ಮೇಲಿಟ್ಟಿದ್ದ ತನ್ನ ನಾಣ್ಯವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅರಸ ಕಾವಲಿನವರತ್ತ ನೋಡಿದ.

“ಅಮ್ಮಣ್ಣಿಯವರೇ, ನಿಮ್ಮದು ನನಗೆ ಗೊತ್ತಿಲ್ಲ. ನನ್ನದನ್ನು ಹೇಳಬಹುದೇ? ಹೇಳಲು ನಾಚಿಕೆ.”

“ಹೇಳು.”

“ಖಾಲಿ ಗುಳಿ. ಇನ್ನೂ ಸಿಗದ ನಾಣ್ಯದ ಜಾಗ.”

ಅಮ್ಮಣ್ಣಿಯ ಕಣ್ಣು ತುಂಬಿತು. ನನ್ನದೂ ಅದೇ ಎಂದಳು. ಸಭೆಗೆ ಏನೊಂದೂ ಅರ್ಥವಾಗಲಿಲ್ಲ. ಬಿಡಿಸಿ ಹೇಳೆಂದು ಅರಸ ಗದರಿದ.

“ಮೊದಲನೆಯದು ಚಲಾವಣೆ ತಪ್ಪಿದ ನಾಣ್ಯ, ಬುದ್ಧಿ. ನಡೆಯುವ ದುಡ್ಡಿನ ಮುಖವನ್ನು ಯಾರೂ ನೋಡುವುದಿಲ್ಲ. ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅಂಗಡಿಯವನು ಬೇಡವೆಂದ ಮೇಲೆಯೇ ಯಾರಾದರೊಬ್ಬರು ಅದನ್ನು ತಿರುಗಿಸಿ, ಇದು ಯಾರ ಕೈಯಲ್ಲಿತ್ತೋ ಎಂದು ಯೋಚಿಸುವುದು. ಎರಡನೆಯದು ಅದರ ಹಸಿರು. ಅದು ಕೊಳೆಯಲ್ಲ, ಅದರ ವಯಸ್ಸು. ತೊಳೆದರೆ ತಾಮ್ರ ಉಳಿಯುತ್ತದೆ, ನಾಣ್ಯ ಹೋಗುತ್ತದೆ. ಮೂರನೆಯದು… ಸಿಕ್ಕಿದ್ದು ಸಿಕ್ಕಿತು, ಬುದ್ಧಿ. ಮರುದಿನ ಬೆಳಗ್ಗೆ ಎಬ್ಬಿಸುವುದು ಸಿಗದಿರುವುದು.”

ಇಂಥ ಕಿಲುಬಿಗಾಗಿ ಇಷ್ಟು ಜನರ ತಲೆ ಪಣಕ್ಕಿಟ್ಟೆನೇ ಎಂದು ಅರಸ ದಂಗಾಗಿ ಕುಳಿತ. ಆಮೇಲೆ ತನ್ನ ಮಾತಿನಂತೆ ಅರ್ಧ ರಾಜ್ಯವನ್ನು ಮುಂದಿಟ್ಟ. ಬೋರಯ್ಯ ಅದನ್ನು ಒಲ್ಲೆನೆಂದು, ಅಣ್ಣನನ್ನು ಬಿಡಬೇಕೆಂದು ಕೇಳಿದ. ಜೊತೆಗೆ ಉಳಿದವರನ್ನೂ ಬಿಡಬೇಕೆಂದ. ನಾಣ್ಯವನ್ನು ಸುಲಿದವನನ್ನೂ ಎಂದು ಹೇಳುವಾಗ ಮಾತ್ರ ಅವನ ದನಿ ಬಿಗಿಯಾಗಿತ್ತು. ಮಂತ್ರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸೆರೆಮನೆಯ ಬಾಗಿಲು ತೆರೆಯಿತು. ಕೆಂಚಯ್ಯ ಬಂದು ತಮ್ಮನ ಹೆಗಲು ಹಿಡಿದು ನಿಂತಾಗ, ನಿನಗೆಂದು ಏನೂ ಕೇಳಲಿಲ್ಲವಲ್ಲ ಎಂದು ಅಮ್ಮಣ್ಣಿ ಕೇಳಿದಳು.

“ಮಣೆಯನ್ನು ಒಮ್ಮೆ ನೋಡಬಹುದೇ?”

ಈವರೆಗೆ ಯಾರೂ ಅವಳನ್ನು ಹಾಗೆ ಕೇಳಿದ್ದಿಲ್ಲ. ಅವಳೇ ಒಳಗೆ ಹೋಗಿ ಮಣೆ ತಂದಳು. ಅರಸನ ಮಗಳು ಹಾಸನ್ನೂ ಬಯಸದೆ ಬರಿ ನೆಲದ ಮೇಲೆ ಅಂಬಿಗನ ಎದುರು ಕುಳಿತದ್ದನ್ನು ಕಂಡು ದಾಸಿಯರು ಕಲ್ಲಾದರು. ಅವನು ಅಂಗಿಯಲ್ಲಿ ಬೆರಳೊರೆಸಿಕೊಂಡು, ಮುಟ್ಟದೆ ಬಗ್ಗಿ ನೋಡತೊಡಗಿದ. ಪುರೋಹಿತರು ಪಂಚಾಂಗ ಬಿಚ್ಚಿ, ಮದುವೆಗೆ ಯಾವ ಮುಹೂರ್ತವಾದೀತೆಂದು ಮತ್ತೆ ಮತ್ತೆ ಕೇಳಿದರು.

ಇಬ್ಬರಿಗೂ ಕೇಳಿಸಲಿಲ್ಲ.