ಉಲ್ಲಂಕಿಯೂ ಗುರುಗಳ ಪಕ್ಕದ ಮಣೆಯೂ

ಹೊಳೆ ಸಮುದ್ರ ಸೇರುವಲ್ಲಿ ತಿಪ್ಪಯ್ಯಸ್ವಾಮಿಗಳ ಆಶ್ರಮ. ಅಲ್ಲೊಂದು ವಿಚಿತ್ರ ಪದ್ಧತಿಯಿತ್ತು. ದಿನಾ ಬೆಳಿಗ್ಗೆ ಗುರುಗಳು ಮರಳ ದಿಬ್ಬದ ಮೇಲೆ ಒಂದೇ ಥರ ಕಾಣುವ ಎರಡು ಹಕ್ಕಿಗಳನ್ನು ತೋರಿಸಿ, ಅವುಗಳಲ್ಲಿ ಉಲ್ಲಂಕಿ ಎಂಬ ನೀರಂಚಿನ ಹಕ್ಕಿ ಯಾವುದೆಂದು ಕೇಳುವರು. ಸರಿಯಾಗಿ ಹೇಳಿದವನಿಗೆ ಅಂದು ಊಟಕ್ಕೆ ಅವರ ಪಕ್ಕದ ಮಣೆ.

ಆ ಮಣೆ ಬಹುಕಾಲ ಹಿರಿಯ ಶಿಷ್ಯ ಮುಕ್ಕಣ್ಣನದಾಗಿತ್ತು. ಮೊನ್ನೆ ಮೊನ್ನೆ ಬಂದ ಶಂಭುಲಿಂಗ ಅದನ್ನು ಕಿತ್ತುಕೊಂಡ. ಅಂದಿನಿಂದ ಮುಕ್ಕಣ್ಣನಿಗೆ ಊಟ ಸೇರದು. ಹೊಟ್ಟೆ ತುಂಬ ಕಿಚ್ಚಿದ್ದರೆ ಅನ್ನಕ್ಕೆ ಜಾಗವೆಲ್ಲಿ?

ಅಂದೂ ಗುರುಗಳು ಬೆರಳು ತೋರಿಸಿದರು.

"ಎಡಗಡೆಯದು," ಎಂದ ಮುಕ್ಕಣ್ಣ, ಶಂಭುಲಿಂಗ ಬಾಯಿ ತೆರೆಯುವ ಮೊದಲೇ.

"ಬಲಗಡೆಯದು, ಗುರುಗಳೇ," ಎಂದ ಶಂಭುಲಿಂಗ. "ನಿಂತಲ್ಲೂ ಬಾಲ ಕುಣಿಸುತ್ತಿದೆ. ಇನ್ನೊಂದು ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ."

"ಮಣೆ ಶಂಭುಲಿಂಗನದು," ಎಂದರು ಗುರುಗಳು.

ಎಲ್ಲರೂ ನೀರು ತರಲು ಹೊರಟರು. ಮುಕ್ಕಣ್ಣ ಮಾತ್ರ ಅಲ್ಲೇ ನಿಂತ.

"ಎರಡೂ ಬೂದು ಬೆನ್ನು, ಎರಡೂ ಬಿಳಿ ಹೊಟ್ಟೆ. ಯಾರ ಕಣ್ಣಿಗೆ ಗೊತ್ತಾದೀತು? ಅವನು ಬರೀ ಊಹೆ ಹೊಡೆಯುತ್ತಾನೆ."

ಗುರುಗಳು ಆಶ್ರಮದ ಕಡೆ ಹೆಜ್ಜೆ ಹಾಕಿದರು; ಮುಕ್ಕಣ್ಣ ಹಿಂದೆಯೇ ಬಂದ.

"ಇಷ್ಟು ವರ್ಷ ನಿಮ್ಮ ಪಾದದ ಹತ್ತಿರ ಇದ್ದವನು ನಾನು. ಈಗ ನಾನು ಬೇಡವಾದೆನೇ?" ಮುಕ್ಕಣ್ಣನ ದನಿ ಒಡೆಯಿತು.

ಗುರುಗಳು ಹೊಳೆಯ ಕಡೆ ನೋಡಿದರು. ನೀರಿಗೆ ಹೋದವರು ಕೊಡ ಹೊತ್ತು ಸಾಲಾಗಿ ಬರುತ್ತಿದ್ದರು. ದೂರಕ್ಕೆ ಬರೀ ಕಾವಿಯ ಚುಕ್ಕೆಗಳು.

"ದೂರದ್ದು ನನ್ನ ಕಣ್ಣಿಗೆ ಮಂಜು. ಅವರಲ್ಲಿ ಶಂಭುಲಿಂಗ ಯಾರಪ್ಪಾ?"

"ಹಿಂದಿನಿಂದ ಎರಡನೆಯವನು."

"ಎಲ್ಲರದೂ ಬೋಳು ತಲೆ, ಎಲ್ಲರದೂ ಕಾವಿ. ಹೇಗೆ ಗೊತ್ತಾಯಿತು?"

"ಅದೇನು ದೊಡ್ಡ ವಿಷಯ? ಎಡಗಾಲನ್ನು ತುಸು ಹೊರಕ್ಕೆ ಹಾಕುತ್ತಾನೆ. ತಿರುವು ಬಂದಾಗಲೆಲ್ಲ ಕೊಡವನ್ನು ಇನ್ನೊಂದು ಭುಜಕ್ಕೆ ಬದಲಿಸುತ್ತಾನೆ. ನೀವು ಹೊಗಳಿದ ದಿನ ಕತ್ತು ಒಂದು ಬೆರಳು ಮೇಲಿರುತ್ತದೆ. ಇವತ್ತೂ ಇದೆ, ನೋಡಿ!"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಇಂಥ ಕಣ್ಣು ಈ ಆಶ್ರಮದಲ್ಲಿ ಇನ್ನೊಂದಿಲ್ಲ, ಮುಕ್ಕಣ್ಣ. ನಾಳೆ ಒಂದು ಗಳಿಗೆ ಅದನ್ನು ಉಲ್ಲಂಕಿಗೂ ಕೊಡು."