ಬಾಗಿಲು ಬಡಿಯುವ ಮನೆ

"ಹೊನ್ನಗುಡಿ ಸೀಮೆಯ ಪ್ರಜೆಗಳೆಲ್ಲ ಕೇಳಿ. ರಾಜಕುಮಾರಿ ಪದ್ಮಲೆಗೆ ಆರು ವರ್ಷ. ಎಂಟು ದಿನದಿಂದ ಮಿದುಳು ಜ್ವರ. ದಿನಕ್ಕೆ ನಾಲ್ಕೈದು ಸಲ ಸೆಳವು ಬರುತ್ತಿದೆ. ಮಗುವಿನ ಪಕ್ಕ ಕೂತು ಆರೈಕೆ ಮಾಡಬಲ್ಲೆ ಎನ್ನುವವರು ಅರಮನೆಗೆ ಬರಲಿ. ರಾಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಡಂಗುರದವನು ಇಷ್ಟನ್ನು ಸಾರಿ ಮುಂದಿನ ಬೀದಿಗೆ ಹೋದ.

ಷರತ್ತು ಇಷ್ಟು ಕಠಿಣವಾಗಿರಲು ಕಾರಣವಿತ್ತು. ಹಿಂದಿನ ವರ್ಷ ಇದೇ ಜ್ವರದಲ್ಲಿ ರಾಣಿ ವೀರಾಂಬೆಯ ಹಿರಿಯ ಮಗ ತೀರಿಕೊಂಡಿದ್ದ. ಸೆಳವು ಬಂದಾಗ ನಾಲ್ವರು ಅವನ ಕೈಕಾಲು ಅದುಮಿ ಹಿಡಿದಿದ್ದರು. ಐದನೆಯವನು ಹಲ್ಲು ಬಿಡಿಸಿ ಕಷಾಯ ಸುರಿದ. ಅದು ಶ್ವಾಸನಾಳಕ್ಕೆ ಹೋಗಿ ಹುಡುಗ ಉಸಿರುಕಟ್ಟಿ ಸತ್ತ.

ಅರಮನೆಯ ವೈದ್ಯ ಸೋಮಯ್ಯನ ಮದ್ದು ಒಳ್ಳೆಯದೇ. ಆದರೆ ಮುಪ್ಪಿನಲ್ಲಿ ಅವನ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಹಾಸಿಗೆಯ ಪಕ್ಕ ಇನ್ನೊಬ್ಬರು ಬೇಕಿತ್ತು. ಹೇಳಿಕೊಟ್ಟರೆ ಎಲ್ಲರೂ ತಲೆಯಾಡಿಸುತ್ತಾರೆ, ಸೆಳವು ಬಂದೊಡನೆ ಬೀಗದ ಕೈ ತರಲು ಓಡುತ್ತಾರೆ ಎಂದು ಅವನು ರಾಣಿಗೆ ಹೇಳಿದ್ದ. ಮುಷ್ಟಿಯಲ್ಲಿ ಕಬ್ಬಿಣವಿಟ್ಟರೆ ಸೆಳವು ಇಳಿಯುತ್ತದೆಂಬುದು ಆ ಸೀಮೆಯ ನಂಬಿಕೆ. ತಾನಾಗಿ ತಿಳಿದವರನ್ನೇ ಆರಿಸಬೇಕೆಂದು ಒಗಟು ಕಟ್ಟಿಕೊಟ್ಟವನೂ ಸೋಮಯ್ಯನೇ. ತಲೆಯ ಷರತ್ತು ಮಾತ್ರ ರಾಣಿಯದು.

ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದರು. ಮೊದಲು ಹೋದವನು ಮಂತ್ರವಾದಿ ಭೈರಾಚಾರಿ.

ರಾಣಿ ಕೇಳಿದಳು. "ಕರೆಯದೆ ಬರುತ್ತದೆ. ಅದುಮಿದರೆ ಎಲುಬು ಮುರಿಯುತ್ತದೆ, ಬಿಟ್ಟರೆ ಹೆಚ್ಚಿನ ಸಲ ತಾನೇ ಹೋಗುತ್ತದೆ. ಬಂದು ಹೋದದ್ದು ಮನೆಯ ಒಡೆಯನಿಗೇ ನೆನಪಿರುವುದಿಲ್ಲ. ಏನದು?"

ದೆವ್ವ, ಬರೆ ಹಾಕಿದರೆ ಓಡುತ್ತದೆ ಎಂದ ಭೈರಾಚಾರಿ. ಭಟರು ಅವನನ್ನು ಸೆರೆಗೆ ಒಯ್ದರು.

ಪಂಡಿತ ಅನಂತೋಜ ಎರಡು ಒಗಟು ಸರಿಯಾಗಿ ಬಿಡಿಸಿದ. ರಾಣಿಗೆ ಜೀವ ಬಂದಂತಾಯಿತು. ಮೂರನೆಯದನ್ನು ಕೇಳಿದಳು. "ಮನೆಯೊಳಗಿನ ಬೆಂಕಿ ಆರಿತು. ಬಾಗಿಲು ಬಡಿದುಕೊಳ್ಳುವುದೂ ನಿಂತಿತು. ಕಾವಲುಗಾರನನ್ನು ಯಾವಾಗ ಕಳಿಸಬೇಕು?"

"ಅಂದೇ ಕಳಿಸಬೇಕು ಮಹಾರಾಣಿ. ಕೆಲಸವಿಲ್ಲದ ಮೇಲೆ ಕಾವಲೇಕೆ?"

ಸೋಮಯ್ಯ ಇಲ್ಲವೆಂದು ತಲೆ ಅಲ್ಲಾಡಿಸಿದ. ರಾಣಿ ಮುಖ ಮುಚ್ಚಿಕೊಂಡಳು.

ಹೊರಗೆ ಇನ್ನೊಬ್ಬನೇ ಉಳಿದಿದ್ದ. ಬನಪ್ಪ, ಇಪ್ಪತ್ತು ವರ್ಷದ ನೇಕಾರ. ಭಟರ ನಡುವೆ ಹೋಗುತ್ತಿದ್ದ ಅನಂತೋಜ ಅವನನ್ನು ನೋಡಿ, "ಲಾಳಿ ಹಿಡಿಯುವ ಕೈಗೆ ನಾಡಿ ಗೊತ್ತೇನೋ?" ಎಂದು ಕೇಳಿದ.

"ನಾಡಿ ಗೊತ್ತಿಲ್ಲ ಸ್ವಾಮಿ. ನೂಲು ಎಲ್ಲಿ ಹರಿಯುತ್ತದೆ ಅನ್ನೋದು ಗೊತ್ತು."

ಮೊದಲ ಒಗಟಿಗೆ ಅವನು ಯೋಚಿಸಲಿಲ್ಲ. "ಸೆಳವು, ತಾಯಿ. ನಮ್ಮ ಮನೆಗೆ ನಾನ್ನೂರ ಹನ್ನೆರಡು ಸಲ ಬಂದಿತ್ತು."

ಎಣಿಸಿದ್ದೀಯಾ ಎಂದಳು ರಾಣಿ. ಅವನು ಸೊಂಟದಿಂದ ನೂಲಿನ ಉಂಡೆ ತೆಗೆದ. ಮಗ್ಗದಲ್ಲಿ ದಿನದ ನೇಯ್ಗೆಗೆ ಗುರುತು ಕಟ್ಟುವ ಹಾಗೆ ಇದೇ ಜ್ವರದಿಂದ ತಂಗಿ ನಿಂಬೆವ್ವನಿಗೆ ಅಂಟಿಕೊಂಡ ಸೆಳವಿಗೂ ಗಂಟು ಹಾಕಿದ್ದ. ಬೆರಳಗಲಕ್ಕೆ ಒಂದು ದಿನ. ಸಣ್ಣ ಸೆಳವಿಗೆ ಒಂದು ಗಂಟು, ದೀರ್ಘವಾದದ್ದಕ್ಕೆ ಜೋಡಿ ಗಂಟು.

ರಾಣಿ ಎರಡನೆಯದನ್ನು ಕೇಳಿದಳು. "ಕಿಟಕಿಯಿಲ್ಲದ ಮನೆ. ಒಳಗೆ ಬೆಂಕಿ. ಹೊರಗಿನವರಿಗೆ ಕಾಣುವುದು ಬಾಗಿಲು ಬಡಿದುಕೊಳ್ಳುವುದು ಮಾತ್ರ. ಮನೆ ಯಾವುದು, ಬೆಂಕಿ ಯಾವುದು?"

ಮನೆ ತಲೆಬುರುಡೆ, ಬೆಂಕಿ ಮಿದುಳಿನ ಉರಿ, ಬಡಿಯುವ ಬಾಗಿಲೇ ಸೆಳವು ಎಂದ ಬನಪ್ಪ. ಬಾಗಿಲನ್ನೂ ನಿಲ್ಲಿಸಬೇಕು, ಬೆಂಕಿಯನ್ನೂ ನೋಡಬೇಕು. ಒಂದನ್ನೇ ಮಾಡಿದರೆ ಮನೆ ಉಳಿಯುವುದಿಲ್ಲ.

ಅಷ್ಟರಲ್ಲಿ ಪರದೆಯ ಹಿಂದೆ ಮಂಚ ಅಲುಗಿತು. ಪದ್ಮಲೆಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು. ದಾಸಿಯೊಬ್ಬಳು ಬೀಗದ ಕೈ ಹಿಡಿದು ಓಡಿಬಂದಳು. ರಾಣಿ ತಾನೇ ಮಗಳ ತೋಳು ಹಿಡಿದುಬಿಟ್ಟಳು.

"ಬಿಡಿ ತಾಯಿ," ಎಂದ ಬನಪ್ಪ.

ರಾಣಿ ಬಿಡಲಿಲ್ಲ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮಗುವನ್ನು ಪಕ್ಕಕ್ಕೆ ಹೊರಳಿಸಿದ, ಕೊರಳ ಸರ ಸಡಿಲಿಸಿದ, ಹರಿದ ಜೊಲ್ಲನ್ನು ಒರೆಸಿದ. ಬಾಯಿಗೆ ಏನನ್ನೂ ಇಡಲಿಲ್ಲ. ಲಾಳಿ ಓಡಿಸುವ ಹದದಲ್ಲಿ ಎಣಿಸತೊಡಗಿದ.

ನೂರಾಯಿತು. ಇನ್ನೂರಾಯಿತು. ಮಗುವಿನ ತುಟಿ ನೀಲಿಯಾಯಿತು. ರಾಣಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಮಗ ಹೋದ ದಿನವೂ ಹೀಗೆಯೇ ನಿಂತಿದ್ದಳು. ಮುನ್ನೂರಕ್ಕೆ ಬನಪ್ಪ ಕೈ ಚಾಚಿದ. ಇಷ್ಟು ಹೊತ್ತಾದರೆ ಇದು ತಾನಾಗಿ ನಿಲ್ಲುವುದಲ್ಲ, ಮದ್ದು ಕೊಡಿ ಎಂದ. ಸೋಮಯ್ಯ ಬಟ್ಟಲು ಕೊಟ್ಟು, ಗಂಟಲಿಗಲ್ಲ, ಕೆನ್ನೆಯ ಒಳಬದಿಗೆ ಹನಿಸು ಎಂದ.

ನಾನ್ನೂರ ಎಂಬತ್ತಕ್ಕೆ ಕಾಲು ನಿಂತಿತು. ಆಮೇಲೆ ಕೈ. ಮಗು ಉಸಿರೆಳೆದು ನಿದ್ದೆಗೆ ಜಾರಿತು.

ರಾಣಿ ನೆಲದ ಮೇಲೆ ಕೂತೇ ಮೂರನೆಯ ಒಗಟು ಕೇಳಿದಳು.

ಬನಪ್ಪ ನೂಲು ಬಿಚ್ಚಿದ. "ಇಲ್ಲಿ ನೋಡಿ. ಏಳು ತಿಂಗಳು ಗಂಟೇ ಇಲ್ಲ. ಜ್ವರ ಬಿಟ್ಟು ವರ್ಷಗಳಾಗಿತ್ತು, ಮಗಳು ವಾಸಿಯಾದಳು ಅಂತ ಅವ್ವ ಮದ್ದು ನಿಲ್ಲಿಸಿದಳು. ಹತ್ತನೆಯ ದಿನಕ್ಕೆ ಈ ಗಂಟು. ಆಗ ನಿಂಬೆವ್ವ ಬಾವಿಯಲ್ಲಿ ನೀರು ಸೇದುತ್ತಿದ್ದಳು."

ಅದರಾಚೆ ನೂಲು ಇರಲಿಲ್ಲ.

"ಬಾಗಿಲು ನಿಂತ ದಿನ ಕಾವಲುಗಾರನನ್ನು ಕಳಿಸಬಾರದು. ಬೆಂಕಿ ಆರಿದರೂ ಸುಟ್ಟ ಕದ ಬಡಿಯಬಹುದು. ಎಷ್ಟು ಕಾಲ ಇರಬೇಕು ಅನ್ನೋದು ನನಗೆ ಗೊತ್ತಿಲ್ಲ. ಏಳು ತಿಂಗಳು ಸಾಲದು ಅನ್ನೋದು ಗೊತ್ತು."

"ಎರಡು ವರ್ಷ," ಎಂದ ಸೋಮಯ್ಯ. "ಸೆಳವಿಲ್ಲದ ಎರಡು ವರ್ಷ. ಆಮೇಲೂ ಒಮ್ಮೆಲೇ ಅಲ್ಲ, ತೊಟ್ಟು ತೊಟ್ಟಾಗಿ ಇಳಿಸಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದನಲ್ಲ, ಈ ಹುಡುಗ ಸಾಕು ತಾಯಿ."

ಏನು ಬೇಕೆಂದು ರಾಣಿ ಕೇಳಿದಳು. ಸೆರೆಯಲ್ಲಿರುವ ಇಬ್ಬರನ್ನು ಬಿಡಿ ಎಂದ ಬನಪ್ಪ. "ತಮಗೆ ಕಲಿಸಿದ್ದನ್ನು ಅವರು ಹೇಳಿದರು. ನಮ್ಮ ಅವ್ವನೂ ಹಾಗೇ ಮಾಡಿದ್ದು." ರಾಣಿ ಇಬ್ಬರನ್ನೂ ಬಿಡಿಸಿದಳು. ಬನಪ್ಪನಿಗೆ ಕೆರೆಯ ಕೆಳಗಿನ ಹೊಲವನ್ನು ಉಂಬಳಿಯಾಗಿ ಕೊಟ್ಟಳು. ಮಗಳ ತಲೆಯ ಬಳಿಯ ತನ್ನ ಜಾಗವನ್ನು ಅವನಿಗೆ ಬಿಟ್ಟು ತಾನು ಕಾಲ ಬಳಿ ಕೂತಳು.

ಐದನೆಯ ದಿನ ಪದ್ಮಲೆ ಕಣ್ಣು ಬಿಟ್ಟಳು. ಬಲಗೈ ಏಳಲಿಲ್ಲ. ತಾಯಿಯನ್ನು ಬಹಳ ಹೊತ್ತು ನೋಡಿದಳು, ಯಾರೆಂದು ಹೊಳೆಯಲಿಲ್ಲ. ಕೊನೆಗೆ, "ನೀರು" ಎಂದಳು.

ನುಂಗಬಲ್ಲಳೇ ಎಂದು ಬನಪ್ಪ ಒಂದು ಹನಿಯಿಂದ ನೋಡಿದ. ನುಂಗಿದಳು. ಆಮೇಲೆ ರಾಣಿ ತನ್ನ ಕೈಯಿಂದಲೇ ಕುಡಿಸಿದಳು. ಮೊದಲು ನೀರು, ಆಮೇಲೆ ಆ ಹೊತ್ತಿನ ಮದ್ದು.