ಬೆಕ್ಕಿನ ಸರದಿಕಟ್ಟೆ

ಕಡ್ಲಿಗುಂದಿಯ ಅಗಸೆಬಾಗಿಲು ದಾಟಿದೊಡನೆ ಬೇವಿನ ಬುಡದಲ್ಲಿ ಮೊಣಕಾಲೆತ್ತರದ ಕರಿಕಲ್ಲಿನ ಕಟ್ಟೆಯೊಂದಿದೆ. ಊರವರು ಅದನ್ನು ಬೆಕ್ಕಿನ ಸರದಿಕಟ್ಟೆ ಎನ್ನುತ್ತಾರೆ. ಹೆಸರು ಕೇಳಿದ ಪರಸ್ಥಳದವರು ಬೆಕ್ಕಿನ ಗುಡಿಯೇನೋ ಎಂದು ಕಾಯಿ ಒಡೆಯಲು ಹೋಗುವುದುಂಟು. ಅಯ್ಯೋ, ಅಲ್ಲಿ ದೇವರೂ ಇಲ್ಲ, ಪವಾಡವೂ ನಡೆದಿಲ್ಲ. ಇರುವುದು ಒಬ್ಬ ಹೆಂಗಸಿನ ಹಟದ ಕಥೆ, ಅಷ್ಟೇ.

ಹಿಂದೆ ಒಮ್ಮೆ, ರಾಚನಗೌಡನ ಮಾತೇ ಊರಿಗೆ ಕಟ್ಟಳೆಯಾಗಿದ್ದ ಕಾಲದಲ್ಲಿ, ಹೊಳೆವ್ವನೆಂಬ ವಿಧವೆ ಈ ಕಟ್ಟೆಯ ಮೇಲೆ ಕುಳಿತು ಮುರಿದ ಮೂಳೆ ಕಟ್ಟುತ್ತಿದ್ದಳು. ವಿದ್ಯೆ ಕಲಿಸಿದ ಅತ್ತೆ ಸಾಯುವ ಮುಂಚೆ ಅವಳಿಂದ ಆಣೆ ಮಾಡಿಸಿಕೊಂಡಿದ್ದಳು: ನೋವು ಹೊತ್ತು ಬಂದವರು ಕಟ್ಟೆಯ ಮೇಲೊಂದು ಹರಳುಕಲ್ಲು ಇಡಬೇಕು, ಹರಳಿನ ಸಾಲು ತಪ್ಪಿಸಿ ಯಾರನ್ನೂ ಮುಟ್ಟಬಾರದು, ತಪ್ಪಿಸಿದ ದಿನ ವಿದ್ಯೆಯನ್ನೇ ಬಿಡಬೇಕು. ಒಂದು ಮುಂಜಾನೆ ಗಾಡಿಯ ಗಾಲಿಗೆ ಸಿಕ್ಕು ಹಿಂಗಾಲು ಮುರಿದುಕೊಂಡ ಬೂದು ಬೆಕ್ಕೊಂದು ತೆವಳುತ್ತ ಬಂದು ಅಲ್ಲಿ ಬಿತ್ತು. ಯಾರ ಮನೆಯದೂ ಅಲ್ಲ. ಕಾಳು ತುಂಬಿಡುವ ಹಗೇವುಗಳ ಸುತ್ತ ಇಲಿ ಹಿಡಿದುಕೊಂಡಿದ್ದ ಬೀದಿಬೆಕ್ಕು. ಹೊಳೆವ್ವ ತಾನೇ ಅದರ ಪರವಾಗಿ ಹರಳಿಟ್ಟು, ಮುರಿದ ಕಾಲಿಗೆ ಮೆತ್ತಲು ತತ್ತಿಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸತೊಡಗಿದಳು.

ಅಷ್ಟರಲ್ಲಿ ಕುದುರೆಯಿಂದ ಬಿದ್ದು ಬಲಭುಜದ ಕೀಲು ತಪ್ಪಿದ್ದ ಗೌಡನನ್ನು ಇಬ್ಬರು ಆಳುಗಳು ಹಿಡಿದುಕೊಂಡು ಬಂದರು. ಮೊದಲು ನನ್ನದು ನೋಡು ಎಂದ. ಹೊಳೆವ್ವ ಹರಳು ತೋರಿಸಿದಳು. ಗೌಡನಿಗೆ ನೋವಿಗಿಂತ ಸಿಟ್ಟು ಹೆಚ್ಚಾಯಿತು. ಆ ಬೆಕ್ಕನ್ನು ಅಗಸೆಯಾಚೆ ಒಗೆಯಿರಿ, ಅಡ್ಡ ಬಂದರೆ ಇವಳನ್ನೂ ಊರು ಬಿಡಿಸುತ್ತೇನೆ ಎಂದ. ಹೊಳೆವ್ವ ಅಂಜಿದಳು. ಅವಳಿಗೆ ತವರಿಲ್ಲ, ಮಕ್ಕಳಿಲ್ಲ, ಈ ಊರು ಬಿಟ್ಟರೆ ಗತಿಯಿಲ್ಲ. ಅಂಜಿಕೆಯ ಹಿಂದೆಯೇ ಕಡುಕೋಪವೂ ಬಂತು. ಬಾಯಿಲ್ಲದ ಪ್ರಾಣಿಯ ಸರದಿ ಕಸಿಯುವುದು ಅದೆಂಥ ಗೌಡಿಕೆ! ಆದರೂ ದನಿ ಏರಿಸಲಿಲ್ಲ.

“ಎತ್ತಿ ಒಗೀರಿ,” ಎಂದಳು ಆಳುಗಳಿಗೆ. “ಇವತ್ತ ಸರದಿ ತಪ್ಪಿತಂದ್ರ ಈ ಕೈ ಇನ್ನ ಯಾರ ಮೂಳಿನೂ ಕಟ್ಟಂಗಿಲ್ಲ. ನಿಮ್ಮ ಮಕ್ಕಳದೂ ಇಲ್ಲ, ಗೌಡ್ರದೂ ಇಲ್ಲ.”

ಒಬ್ಬ ಆಳಿನ ಮೊಣಕೈ, ಇನ್ನೊಬ್ಬನ ಮಗಳ ಕಾಲು ಅವಳೇ ಕೂಡಿಸಿದ್ದು. ಇಬ್ಬರೂ ಬೆಕ್ಕಿಗೆ ಕೈ ಹಚ್ಚಲಿಲ್ಲ. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ಬೆಕ್ಕಿನ ಸುತ್ತ ಕುಳಿತೇಬಿಟ್ಟರು. ಮೂಳೆ ಕಟ್ಟುವ ಬೇರೆಯವರಿದ್ದದ್ದು ಎರಡು ದಿನದ ದಾರಿಯಲ್ಲಿ. ಕೊನೆಗೆ ಗೌಡನೇ ಎಡಗೈಯಿಂದ ಒಂದು ಹರಳು ಹೆಕ್ಕಿ, ಬೆಕ್ಕಿನ ಹರಳಿನ ಹಿಂದಿಟ್ಟು ಬಿಸಿಲಲ್ಲಿ ಕುಳಿತ. ಹೊಳೆವ್ವ ಅವಸರ ಮಾಡಲಿಲ್ಲ. ಬೆಕ್ಕಿನ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ, ಅರಿವೆ ಸುತ್ತಿ, ಹಾಲು ಕುಡಿಸಿ, ಆಮೇಲೆ ಗೌಡನ ಭುಜ ಹಿಡಿದಳು. ಅವನು ಚೀರಿದ. “ಬೆಕ್ಕು ಇಷ್ಟು ಒದರಲಿಲ್ಲ, ಗೌಡ್ರ,” ಎಂದಳಂತೆ.

ಈಗ ಮೂಳೆ ಮುರಿದವರು ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಪ್ರತಿ ಸೋಮವಾರ ದನದ ಡಾಕ್ಟರು ಬಂದು ಇದೇ ಕಟ್ಟೆಯ ಮೇಲೆ ಚೀಲ ಬಿಚ್ಚುತ್ತಾರೆ. ಕಿವಿ ಕೀವಾದ, ಕಣ್ಣು ಅಂಟಿಕೊಂಡ ಬೀದಿಬೆಕ್ಕುಗಳನ್ನು ಹೆಂಗಸರು ಬುಟ್ಟಿಯಲ್ಲಿ ತಂದಿರುತ್ತಾರೆ. ಅವುಗಳ ಹಿಂದೆ ಗೌಡರ ಮನೆಯವರು ತಮ್ಮ ಎತ್ತಿನ ಹಗ್ಗ ಹಿಡಿದು ನಿಂತಿರುವುದನ್ನು ಯಾರು ಬೇಕಾದರೂ ನೋಡಬಹುದು. ಡಾಕ್ಟರು ಅಪ್ಪಿತಪ್ಪಿ ಮುಂದೆ ಬನ್ನಿ ಎಂದು ಕರೆದರೂ ಅವರು ಹೋಗುವುದಿಲ್ಲ.